ಗ್ಯಾಸ್ ಬಂದರೂ ಬಚ್ಚಲೊಲೆಯ ಹೊಗೆ ಹೋಗಿಲ್ಲ

ಊರಿನ ತಾಯಂದಿರಲ್ಲಿ, ಹಿರಿಯರಲ್ಲಿ, ಹೊಸ ಮನೆ ಕಟ್ಟಿಸುತ್ತಿರುವ ಎಲ್ಲರಲ್ಲಿ ವಿನಂತಿ.

2016ರ ಮೇ 1ರಂದು ಬಡ ಮನೆಗಳಿಗೆ ಅಡುಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಶುರುವಾಯಿತು. ಅದರ ಹಿಂದೆಯೇ ನಮ್ಮ ರಾಜ್ಯದಲ್ಲಿ ಅನಿಲ ಭಾಗ್ಯ ಬಂತು. ಅಡುಗೆಮನೆಗೆ ಸಿಲಿಂಡರ್ ಬಂದ ಮೇಲೆ ಹೊಗೆಯ ಮಾತು ಮುಗಿಯಿತೆಂದು ಎಲ್ಲರೂ ಸುಮ್ಮನಾದೆವು. ಬೆಳಗಿನ ಜಾವ ಓಣಿಯಲ್ಲಿ ಒಂದು ಸುತ್ತು ನಡೆದು ನೋಡಿ: ಮನೆಮನೆಯ ಬಚ್ಚಲಲ್ಲಿ ಹಂಡೆಯ ಒಲೆ ಉರಿಯುತ್ತಿರುತ್ತದೆ. ದನಕ್ಕೆ ಹುರುಳಿ ಬೇಯುವುದೂ ಅದರ ಮೇಲೆಯೇ. ಸ್ನಾನದ ನೀರಿಗೆ ಸಿಲಿಂಡರ್ ಖರ್ಚು ಮಾಡುವಷ್ಟು ದುಡ್ಡು ಯಾರಲ್ಲಿದೆ? ತೆಂಗಿನ ಮಟ್ಟೆ, ತೊಗರಿ ಕಟ್ಟಿಗೆ, ಕುಳ್ಳು, ಕೈಗೆ ಸಿಕ್ಕಿದ್ದು ಒಲೆಗೆ ಹೋಗುತ್ತದೆ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಲೆಂದು ಪ್ಲಾಸ್ಟಿಕ್ ಕವರನ್ನೂ ಹಾಕುತ್ತಾರೆ. ಅದರ ಹೊಗೆ ಸೌದೆಯ ಹೊಗೆಗಿಂತ ಎಷ್ಟೋ ಕೆಟ್ಟದ್ದು.

ಹಿಂದಿನವರೂ ಸೌದೆಯನ್ನೇ ಉರಿಸಿದರಲ್ಲ ಎಂದು ಹಿರಿಯರು ಕೇಳುತ್ತಾರೆ. ಉರಿಸಿದರು, ನಿಜ. ಆದರೆ ಅವರ ಮನೆಗೆ ನಾಡಹೆಂಚಿನ ಸೂರಿತ್ತು. ಹೆಂಚಿನ ಸಂದಿಗಳಲ್ಲಿ, ಗವಾಕ್ಷಿಯಲ್ಲಿ, ಉತ್ತರದ ಮಣ್ಣಿನ ಮಾಳಿಗೆಯಾದರೆ ಬೆಳಕಿಂಡಿಯಲ್ಲಿ ಹೊಗೆ ತಾನಾಗಿ ಮೇಲೆ ಹೋಗುತ್ತಿತ್ತು. ಹೋಗುವ ದಾರಿಯಲ್ಲಿ ಅಟ್ಟದ ಬಿತ್ತನೆ ಬೀಜಕ್ಕೆ ಹುಳು ಹತ್ತದಂತೆ, ತೊಲೆಗೆ ಗೆದ್ದಲು ಬಾರದಂತೆ ನೋಡಿಕೊಳ್ಳುತ್ತಿತ್ತು. ಆಗಲೂ ಒಲೆಯ ಮುಂದೆ ಕೂತು ಊದುಗೊಳವೆ ಊದಿದ ಅಜ್ಜಿಯರು ಕೆಮ್ಮಿಕೊಂಡೇ ಬಾಳಿದರು. ಆ ಕೆಮ್ಮನ್ನು ಯಾರೂ ಕಾಯಿಲೆಯೆಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಈಗ ಹೆಂಚು ಇಳಿಸಿ ಆರ್‌ಸಿಸಿ ಹಾಕಿದ್ದೇವೆ. ಒಲೆ ಮಾತ್ರ ಹಳೆಯದೇ ಉಳಿದಿದೆ. ಮೇಲೆ ಸಂದಿಯಿಲ್ಲದ ತಾರಸಿ, ಪಕ್ಕದಲ್ಲಿ ಒಂದಡಿಯ ಕಿಟಕಿ, ಅದೂ ಚಳಿಗೆ ಮುಚ್ಚಿದ್ದು. ಬಚ್ಚಲ ಹೊಗೆ ನಡುಮನೆಗೆ ನುಗ್ಗಿ, ಮಗು ಮಲಗಿದ ಕೋಣೆಯವರೆಗೂ ಹೋಗುತ್ತದೆ.

ಕಣ್ಣು ಉರಿಸುವ ಹೊಗೆ ನಮಗೆ ಕಾಣುತ್ತದೆ. ಕಾಣದ ಕಣಗಳು ಅದಕ್ಕಿಂತ ಅಪಾಯ. ತಲೆಗೂದಲ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತ ಸಣ್ಣ ಈ ಕಣಗಳು ಶ್ವಾಸಕೋಶದ ತಳಕ್ಕಿಳಿದು ರಕ್ತ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ. ಸೌದೆ ಒಲೆ ಉರಿಯುವ ಹೊತ್ತಿನಲ್ಲಿ ಮುಚ್ಚಿದ ಕೋಣೆಯಲ್ಲಿ ಅದು ನೂರಾರಕ್ಕೆ ಏರುತ್ತದೆ, ಕೆಲವೊಮ್ಮೆ ಸಾವಿರವನ್ನೂ ದಾಟುತ್ತದೆ. ಬೀಡಿ ಮುಟ್ಟದ ಹೆಂಗಸಿಗೆ ದಮ್ಮು ಬರುವುದು, ಕಣ್ಣಿನ ಪೊರೆ, ಎಳೆಮಕ್ಕಳ ನ್ಯುಮೋನಿಯಾ, ತೂಕ ಕಡಿಮೆಯ ಕೂಸು ಹುಟ್ಟುವುದು, ಇವೆಲ್ಲಕ್ಕೂ ಮನೆಯ ಹೊಗೆಗೂ ನಂಟಿದೆ. ಅದೇ ಸಂಸ್ಥೆಯ ಅಂದಾಜಿನಂತೆ, ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸತ್ತವರು 32 ಲಕ್ಷ. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು.

ಪರಿಹಾರ ಹುಡುಕಲು ಹೊರದೇಶಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಹಳ್ಳಿಗಳಿಗಾಗಿಯೇ ಒಲೆ ರೂಪಿಸಿತು. ಸೌದೆ ಜಾಲರಿಯ ಮೇಲೆ ಮುಚ್ಚಿದ ಗೂಡಿನಲ್ಲಿ ಉರಿದು, ಒಂದೇ ಉರಿಗೆ ಮೂರು ಪಾತ್ರೆ ಬಿಸಿಯಾಗಿ, ಉಳಿದ ಹೊಗೆ ಕೊಳವೆ ಹತ್ತಿ ಸೂರಿನಾಚೆ ಹೋಗುತ್ತದೆ, ಸೌದೆಯೂ ಉಳಿಯುತ್ತದೆ. ಕೊಳವೆಯ ಮಸಿ ಆಗಾಗ ಕೆಡವದಿದ್ದರೆ ಹೊಗೆ ತಿರುಗಿ ಒಳಗೇ ಬರುತ್ತದೆ. ಅದನ್ನು ಮನೆಯ ಗಂಡಸರು ತಮ್ಮ ಕೆಲಸವೆಂದು ವಹಿಸಿಕೊಳ್ಳಲಿ.

ಪೇಟೆಯ ಬಂಧುಗಳಿಗೆ ಒಂದು ಮಾತು: ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯೊಳಗೆ ಹಾಕಿಸಬೇಡಿ. ಗಾಳಿಯಾಡದ ಕಡೆ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೈಗೆ ನೀರು ಹಾಕಿಕೊಳ್ಳುತ್ತಿರುವಾಗಲೇ ಪ್ರಜ್ಞೆ ತಪ್ಪುತ್ತದೆ.

ಮುಂದಿನ ಗ್ರಾಮಸಭೆಗೆ ಹೆಂಗಸರು ಗುಂಪಾಗಿ ಬನ್ನಿ. ಸರ್ಕಾರದ ನೆರವಿನಿಂದ ಕಟ್ಟುವ ಪ್ರತಿ ಮನೆಯ ನಕ್ಷೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ಹೊಗೆಕೊಳವೆ ಇರಲೇಬೇಕು, ಈಗಾಗಲೇ ಕಟ್ಟಿದ ಮನೆಗಳಿಗೆ ಪಂಚಾಯಿತಿ ಕೊಳವೆ ಹಾಕಿಸಿಕೊಡಬೇಕು ಎಂದು ಕೇಳೋಣ. ಕೇಳಿದ್ದನ್ನು ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿಕೊಂಡ ಮೇಲೆಯೇ ಸಹಿ ಹಾಕಿ.