ಹುಲಿ-ಕುರಿಗೆ ಊರಿಗೊಂದು ಪುಟ

ಹುಲಿ-ಕುರಿಯ ಆಟವನ್ನು ಮಕ್ಕಳ ಕಾಲಹರಣವೆಂದು ತಳ್ಳಿಹಾಕುವವರು ಅದರ ಮುಂದೆ ಅರ್ಧ ತಾಸಾದರೂ ಕುಳಿತವರಲ್ಲವೆಂದೇ ನನ್ನ ಎಣಿಕೆ. ಇದ್ದಿಲಿನಿಂದ ಕಲ್ಲಿನ ಮೇಲೆ ಗೀಚಿದ ಮುಕ್ಕೋನ; ಅದರಲ್ಲಿ 23 ಮನೆ, 3 ಹುಲಿ, 15 ಕುರಿ. ಪಕ್ಕದ ಕುರಿಯ ಆಚೆಯ ಮನೆ ಬರಿದಾಗಿದ್ದರೆ ಹುಲಿ ನೇರಗೆರೆಯಲ್ಲಿ ಹಾರಿ ಅದನ್ನು ಕಬಳಿಸುತ್ತದೆ. ಕುರಿಗೆ ಹಾರುವ ಬಲವಿಲ್ಲ. ಒಂದರ ಬೆನ್ನಿಗೊಂದು ನಿಂತು ಹುಲಿಯ ದಾರಿ ಕಟ್ಟುವುದೊಂದೇ ಉಪಾಯ. ಎರಡು ಪಕ್ಷಗಳ ಬಲವೂ ಗುರಿಯೂ ಹೀಗೆ ಬೇರೆಬೇರೆಯಾಗಿರುವ ಸೊಗಸು ಚದುರಂಗಕ್ಕೂ ಇಲ್ಲ.

ಬೀದರ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ಸ್ವಾರಸ್ಯವುಂಟು. ಕನ್ನಡದ ಹುಲಿ-ಕುರಿ ಮರಾಠಿಯಲ್ಲಿ ವಾಘ-ಬಕರಿ, ತೆಲುಗಿನಲ್ಲಿ ಪುಲಿ-ಮೇಕ. ಮೂರು ನುಡಿಗಳೂ ಕೂಡುವ ಗಡಿನಾಡು ಇದು. ಹೆಸರಿನಂತೆ ಕಟ್ಟಳೆಯೂ ಅಲ್ಲಲ್ಲಿ ಬದಲಾಗುತ್ತದೆ. ಹುಲಿ ಒಂದೇ ಸರದಿಯಲ್ಲಿ ಎರಡು ಕುರಿ ಹೊಡೆಯಬಹುದೆ? ಕುರಿಗಳನ್ನೆಲ್ಲ ಇಟ್ಟು ಮುಗಿಯುವ ಮುನ್ನ ಒಂದನ್ನೂ ನಡೆಸಕೂಡದೆ? ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ? ಉತ್ತರಗಳು ಆಡುವವರ ಬಾಯಲ್ಲಿವೆ. ಆ ಬಾಯಿಗಳೋ ವರ್ಷಕ್ಕಿಷ್ಟು ಕಡಿಮೆಯಾಗುತ್ತಿವೆ.

ಬರೆದಿಟ್ಟರೆ ಏನು ಬಂತು ಎನ್ನುವವರು ನೇಪಾಳದ ಬಾಘ್‌ಚಾಲ್ ಆಟವನ್ನು ನೋಡಬೇಕು. ಅದೂ ಇದೇ ಬಳಗದ್ದು: 25 ಮನೆ, 4 ಹುಲಿ, 20 ಆಡು. ಖಚಿತವಾದ ಕಟ್ಟಳೆಯನ್ನು ಮುಂದಿಟ್ಟುಕೊಂಡು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದಿಂದ ಅದನ್ನು ಕೊನೆಮುಟ್ಟ ಲೆಕ್ಕಹಾಕಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರು, ಯಾರೂ ಸೋಲರು ಎಂಬುದು ಅವರ ತೀರ್ಮಾನ. ಪ್ರಬಂಧ ಅಚ್ಚಾದ ಸಂಪುಟ 2009ರದು. ‘ಆಟವೇ ಹುಲಿಯ ಪರ’ ಎಂದು ಗೊಣಗುವ ಸಮಾಧಾನವೂ ಅಲ್ಲಿ ಸೋತವರಿಗೆ ತಪ್ಪಿತು! ನಮ್ಮ ಮುಕ್ಕೋನದ ಆಟವನ್ನು ಹಾಗೆ ಲೆಕ್ಕಹಾಕಹೊರಟರೆ, ಯಾವ ಊರಿನ ಕಟ್ಟಳೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಆಟಗಳನ್ನು ಬರೆಯಿಸಿಟ್ಟರು. ಅರಮನೆಯಲ್ಲಿ ಪಂಡಿತರಿದ್ದರು, ಚಿತ್ರಕಾರರಿದ್ದರು. ಅಗಸಿಯ ಕಟ್ಟೆಗೆ ಅವರೆಲ್ಲಿಂದ ಬರಬೇಕು? ಆದುದರಿಂದ ಆಡುವವರೇ ಕೂಡಿ ಬರೆಯತಕ್ಕದ್ದು. ಹಲವರು ಬರೆದು ಹಲವರು ತಿದ್ದುವ ಕೋಶ ಕನ್ನಡಕ್ಕೆ ಹೊಸದೇನಲ್ಲ. ಕನ್ನಡ ವಿಕಿಪೀಡಿಯ 2003ರಿಂದ ನಡೆದುಬಂದಿದೆ. ಆದರೆ ಅಲ್ಲಿಯ ರೀತಿ ಇಲ್ಲಿಗೆ ಪೂರ್ತಿ ಒಗ್ಗದು. ವಿಶ್ವಕೋಶ ಅಚ್ಚಾದ ಆಧಾರವನ್ನು ಕೇಳುತ್ತದೆ. ಹುಲಿ-ಕುರಿಗೆ ಆಧಾರವೆಂದರೆ ಅಜ್ಜಿಯೊಬ್ಬಳ ನೆನಪು. ವಿಶ್ವಕೋಶ ಒಂದು ವಿಷಯಕ್ಕೆ ಒಂದೇ ಪುಟವನ್ನು ಬಯಸುತ್ತದೆ. ಇಲ್ಲಿ ಊರಿಗೊಂದು ಪುಟ ಬೇಕು. ಹತ್ತು ಬಗೆಯನ್ನು ಅರೆದು ಒಂದು ‘ಶುದ್ಧ’ ಕಟ್ಟಳೆ ಮಾಡುವ ಉತ್ಸಾಹಿಗಳನ್ನು ಕಂಡರೆ ನನಗೆ ಮರೆವಿಗಿಂತ ಹೆಚ್ಚು ಭಯ. ಮರೆತದ್ದನ್ನು ಯಾರಾದರೂ ನೆನೆದಾರು. ತಪ್ಪೆಂದು ಹೊಡೆದುಹಾಕಿದ್ದನ್ನು ಹೇಳಲು ನಾಚುತ್ತಾರೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸದೆ, ತಮ್ಮದನ್ನು ಪಕ್ಕದಲ್ಲಿ ಬರೆಯಲಿ. ಊರು ಯಾವುದು, ಮನೆಮಾತು ಯಾವುದು, ಯಾರಿಂದ ಕಲಿತದ್ದು ಎಂಬುದೂ ಇರಲಿ. ಮೊದಲ ಕುರಿಯನ್ನು ಅಂಚಿನಲ್ಲೇಕೆ ಇಡಬೇಕೆಂಬಂಥ ಜಾಣ್ಮೆಗಳೂ ಸೇರಲಿ. ಬರಿಯ ಕಟ್ಟಳೆ ಓದಿ ಆಟಗಾರನಾದವನುಂಟೆ?

ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಭಾಲ್ಕಿಯಲ್ಲಿ, ಇಷ್ಟು ಕೆಲಸಕ್ಕೆ ಮಾಸ್ತರರ ಬರವಿರಲಾರದು. ಒಂದು ಶನಿವಾರ ಮಕ್ಕಳಿಗೆ ಮನೆಯ ಹಿರಿಯರನ್ನು ಕೇಳಿಬರಲು ಹೇಳಿದರಾಯಿತು. ಔರಾದಿನ ಮಗುವೊಂದು ವಾಘ-ಬಕರಿ ಎಂದು ಬರೆದುತಂದರೆ ಅದು ಹಾಗೆಯೇ ಇರಲಿ. ಹುಲಿ-ಕುರಿ ಎಂದು ತಿದ್ದುವ ಕೆಂಪು ಶಾಯಿಯನ್ನು ಮಾಸ್ತರರು ಆ ದಿನದ ಮಟ್ಟಿಗೆ ಪೆಟ್ಟಿಗೆಯಲ್ಲಿಯೇ ಬಿಟ್ಟುಬರಲಿ.