ಎತ್ತಿನ ಹಲ್ಲು ನೋಡಿದ ಅಜ್ಜ, ಬೈಕಿನ ಬಣ್ಣ ನೋಡಿದ ನಾನು

ನಮ್ಮಜ್ಜ ಹಾವೇರಿಯ ದನದ ಸಂತೆಯಿಂದ ಒಂದು ಜೋಡಿ ಎತ್ತು ತರಬೇಕೆಂದರೆ, ಬೆಳಿಗ್ಗೆ ಹೋದವರು ಸಂಜೆಗೇ ಬರುತ್ತಿದ್ದುದು. ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಸುಳಿ ನೋಡುವುದು, ಗೊರಸು ಎತ್ತಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಕುಂಟು ಇದೆಯೇ ಎಂದು ಗಮನಿಸುವುದು. ಜೊತೆಗೆ ಎತ್ತಿನ ವಿಷಯ ಬಲ್ಲ ಹಿರಿಯರೊಬ್ಬರು ಇರಲೇಬೇಕು. ಮಾರುವವನೂ ಇದನ್ನು ಅವಮಾನ ಎಂದುಕೊಳ್ಳುತ್ತಿರಲಿಲ್ಲ.

ಆ ಅಜ್ಜನ ಮೊಮ್ಮಗನಾದ ನಾನು, 85 ಸಾವಿರ ರೂಪಾಯಿಯ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕನ್ನು ಹದಿನೈದೇ ನಿಮಿಷದಲ್ಲಿ ಕೊಂಡೆ. ನೋಡಿದ್ದು ಬಣ್ಣ, ಕೇಳಿದ್ದು ಸೈಲೆನ್ಸರ್ ಸದ್ದು. ಅಷ್ಟೇ.

ಆಗಷ್ಟೇ ಔಷಧ ಮಾರಾಟದ ಕೆಲಸ ಸಿಕ್ಕಿತ್ತು. ಸ್ವಂತ ಬೈಕ್ ಇರಲೇಬೇಕು ಎಂಬುದು ಕಂಪನಿಯ ಷರತ್ತು. 'ಕೆಲಸಕ್ಕೆ ಬೈಕ್ ಬೇಕು' ಎಂದು ಅಪ್ಪನಿಗೆ ಹೇಳಿದ್ದು ಅರ್ಧ ಸತ್ಯ. ಕೆಲಸಕ್ಕೆ 100 ಸಿಸಿಯ ಬೈಕ್ ಸಾಕಿತ್ತು. ಕಾಲೇಜಿನ ಗೇಟಿನಲ್ಲಿ ನಿಂತು ಆಸೆಯಿಂದ ನೋಡಿದ್ದ 200 ಸಿಸಿಯ ಬೈಕೇ ಬೇಕು ಎಂಬುದು ಇನ್ನರ್ಧ. ಅಪ್ಪ ಗೋವಿನಜೋಳ ಮಾರಿದ ದುಡ್ಡಿನಲ್ಲಿ 50 ಸಾವಿರ ಕೊಟ್ಟರು. ಉಳಿದದ್ದು ನಾನು ಟ್ಯೂಷನ್ ಹೇಳಿ ಕೂಡಿಟ್ಟದ್ದು. ಮಾರಿದವರು ಗೆಳೆಯನ ಪರಿಚಯದವರು. 'ಮೆಕ್ಯಾನಿಕ್ ಕರೆದುಕೊಂಡು ಹೋದರೆ ಏನಂದುಕೊಳ್ಳುತ್ತಾರೋ' ಎಂಬ ಸಂಕೋಚ ನನ್ನನ್ನು ತಡೆದಿತ್ತು.

ಮೊದಲ ವಾರದಲ್ಲೇ 60ರ ವೇಗ ದಾಟಿದರೆ ಹ್ಯಾಂಡಲ್ ಎಡಕ್ಕೆ ಎಳೆಯತೊಡಗಿತು. ಟೈರಿನ ಗಾಳಿ ಇರಬೇಕು ಎಂದುಕೊಂಡೆ. ಮೂರನೇ ವಾರ ಗದಗ ರಸ್ತೆಯಲ್ಲಿ, ಸಣ್ಣ ಮಳೆಯಲ್ಲಿ ಬ್ರೇಕ್ ಹಿಡಿದಾಗ ಗಾಡಿ ಜಾರಿತು. ಹೆಲ್ಮೆಟ್ ಇದ್ದುದರಿಂದ ಬದುಕಿದೆ. ಭುಜದ ಮೂಳೆ ಬಿರುಕು ಬಿಟ್ಟು ಒಂದು ತಿಂಗಳು ಮನೆಯಲ್ಲೇ ಇದ್ದೆ. ಪ್ರೊಬೇಷನ್ನಿನಲ್ಲಿದ್ದ ನನಗಾಗಿ ಕಂಪನಿ ಕಾಯಲಿಲ್ಲ.

ಆಮೇಲೆ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರು ಗಾಡಿ ಬಿಚ್ಚಿದರು. ಮುಂದಿನ ಶಾಕಪ್ ಹಿಂದೆಂದೋ ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಲಾಗಿತ್ತು. ಟ್ಯಾಂಕಿನ ಕೆಳಗೆ ಚಾಸಿಸ್‌ಗೆ ವೆಲ್ಡಿಂಗ್ ಮಾಡಿ, ಮೇಲೆ ಹೊಸ ಬಣ್ಣ ಬಳಿಯಲಾಗಿತ್ತು. ಅವರು ಬೈಯಲಿಲ್ಲ. 'ತಮ್ಮಾ, ಐದುನೂರು ರೂಪಾಯಿ ಕೊಟ್ಟು ನನ್ನ ಮೊದಲ ಕರಕೊಂಡು ಹೋಗಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ' ಎಂದರು. ಆ ಮಾತು ಭುಜಕ್ಕಿಂತ ಹೆಚ್ಚು ನೋಯಿಸಿತು. ದೋಷವನ್ನೆಲ್ಲ ಹೇಳಿಯೇ ಆ ಬೈಕನ್ನು 45 ಸಾವಿರಕ್ಕೆ ಮಾರಿದೆ. ಮುಚ್ಚಿಟ್ಟಿದ್ದರೆ ಇನ್ನೂ ಇಪ್ಪತ್ತು ಸಾವಿರ ಸಿಗುತ್ತಿತ್ತು. ಮನಸ್ಸು ಆ ಕಡೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡನೇ ಸಲ ಅದೇ ಅಣ್ಣನನ್ನು ಕರೆದುಕೊಂಡು ಹೋದೆ. ಥಳಥಳ ಹೊಳೆಯುವ ಬೈಕೊಂದರ ಎಂಜಿನ್ ಮೇಲೆ ಕೈಯಿಟ್ಟವರೇ, 'ಬಿಸಿ ಐತಿ. ನಾವು ಬರೂಕಿಂತ ಮೊದಲ ಚಾಲೂ ಮಾಡ್ಯಾರ' ಎಂದರು. ತಣ್ಣಗಿದ್ದಾಗ ಸ್ಟಾರ್ಟ್ ಆಗುವ ತೊಂದರೆ, ಮೊದಲ ಹೊಗೆ, ಟಕಟಕ ಸದ್ದು ಎಲ್ಲವೂ ಬಿಸಿ ಎಂಜಿನ್ನಿನಲ್ಲಿ ಅಡಗಿಬಿಡುತ್ತವಂತೆ. ಸ್ವಲ್ಪ ಹೊತ್ತು ಕಾದು ಮತ್ತೆ ಚಾಲೂ ಮಾಡಿಸಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಎಂಜಿನ್ ಆಯಿಲ್ ಸುಡುತ್ತಿದೆ ಎಂಬುದಕ್ಕೆ ಅದೇ ಗುರುತು. ಮರುದಿನ ನೋಡಿದ್ದು ಟ್ಯಾಂಕಿನ ಮೇಲೆಲ್ಲ ಗೀರು ಬಿದ್ದ, ಮಾಸಿದ ಬೈಕ್. ನಾನು ಹಿಂದಿರುಗಲು ಹೊರಟಿದ್ದೆ. ಅವರು ಒಂದು ಗಂಟೆ ಪರೀಕ್ಷಿಸಿ, 'ಇದನ್ನ ತಗೋ' ಎಂದರು. ಎರಡು ವರ್ಷದಿಂದ ಈಗಿನ ಕೆಲಸಕ್ಕೆ ಅದರಲ್ಲೇ ಓಡಾಡುತ್ತಿದ್ದೇನೆ. ಪರೀಕ್ಷೆ ಎಂದರೆ ಬೇಡ ಎನ್ನಲು ಕಾರಣ ಹುಡುಕುವುದು ಎಂದುಕೊಂಡಿದ್ದೆ. ಧೈರ್ಯವಾಗಿ ಬೇಕು ಎನ್ನಲೂ ಅದು ಬೇಕು.

ಸ್ಪೋರ್ಟ್ಸ್ ಬೈಕ್, ಸ್ಪೋರ್ಟ್ಸ್ ಕಾರುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ವೇಗಕ್ಕಾಗಿಯೇ ಕೊಂಡ ಗಾಡಿಯನ್ನು ಹಿಂದಿನವರು ಮೆಲ್ಲಗೆ ಓಡಿಸಿರುತ್ತಾರೆಂದು ನಂಬುವುದು ಕಷ್ಟ. ಆದ್ದರಿಂದ ಬಲ್ಲವರಿಂದ ಚಾಸಿಸ್, ಶಾಕಪ್, ಚಕ್ರದ ಬಾಗು, ಬ್ರೇಕ್ ಡಿಸ್ಕ್, ಚೈನ್ ಸ್ಪ್ರಾಕೆಟ್ ನೋಡಿಸಿ. ಮೀಟರ್ ಓಡಿದ್ದು 12 ಸಾವಿರ ಕಿ.ಮೀ. ಎಂದು ತೋರಿಸಿ, ಫುಟ್‌ರೆಸ್ಟಿನ ರಬ್ಬರ್ ಪೂರ್ತಿ ಸವೆದಿದ್ದರೆ ಅನುಮಾನಿಸಿ. ಸರ್ವಿಸ್ ದಾಖಲೆ ಕೇಳಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು ಎಂದರ್ಥ. ಕಾರಾದರೆ ಕೆಳಗಿನ ಕಾರ್ಪೆಟ್ ಎತ್ತಿ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲಿ ದುಬಾರಿ ಕಾರುಗಳೂ ಮುಳುಗಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಹಾಗೆ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಕೆಸರಿನ ಕಲೆ, ತುಕ್ಕು, ಮುಗ್ಗಲು ವಾಸನೆ ಎಲ್ಲಾದರೊಂದು ಕಡೆ ಉಳಿದಿರುತ್ತದೆ.

ಕಾಗದಪತ್ರವೂ ಪರೀಕ್ಷೆಯ ಭಾಗವೇ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ವಿಮೆ ಇದೆಯೇ, ಸಾಲ ಬಾಕಿ ಇದೆಯೇ ಎಂಬುದನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30 ಬೇಕು. ದಂಡ ಬಾಕಿ ಇದ್ದರೆ ಅವರೇ ಕಟ್ಟಲಿ. 'ಹೆಸರು ಆಮೇಲೆ ಬದಲಾಯಿಸಿದರಾಯ್ತು' ಎನ್ನುವುದು ಮಾರುವವರಿಗೂ ಒಳ್ಳೆಯದಲ್ಲ. ಗಾಡಿ ಕೈಬದಲಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

'ನನ್ನ ಮೇಲೆ ನಂಬಿಕೆ ಇಲ್ವಾ?' ಎಂದು ಕೇಳುವವರು ಸಿಗುತ್ತಾರೆ. ನಂಬಿಕೆ ಮನುಷ್ಯನ ಮೇಲೆ, ಪರೀಕ್ಷೆ ಗಾಡಿಗೆ. ಮೂರನೆಯವರಿಂದ ಕೊಂಡವರಿಗೆ ತಮ್ಮ ಗಾಡಿಯ ಹಳೇ ಗಾಯ ಗೊತ್ತೇ ಇಲ್ಲದಿರಬಹುದು. ಆದರೆ ಮೆಕ್ಯಾನಿಕ್ ನೋಡುವುದೇ ಬೇಡ ಎನ್ನುವವರಿದ್ದರೆ, ಎಷ್ಟೇ ಕಡಿಮೆ ಬೆಲೆಯಾದರೂ ಕೈಮುಗಿದು ಬನ್ನಿ. 'ಇವತ್ತೇ ಅಡ್ವಾನ್ಸ್ ಕೊಡಿ, ಇನ್ನಿಬ್ಬರು ಕಾಯ್ತಿದ್ದಾರೆ' ಎಂಬ ಮಾತಿಗೂ ಸೋಲಬೇಡಿ. ನೋಡಿಸುವ ಮೆಕ್ಯಾನಿಕ್ಕನ್ನು ನೀವೇ ಹುಡುಕಿ. ಮಾರುವವರು ತೋರಿಸಿದ ಗ್ಯಾರೇಜ್ ಬೇಡ.

ಮೊದಲ ಸಂಬಳಕ್ಕೂ ಮುಂಚೆ ಬೈಕ್ ಕೊಳ್ಳುವ ನಮ್ಮಂಥವರ ಕೈಯಲ್ಲಿರುವುದು ಹೆಚ್ಚಾಗಿ ಮನೆಯವರ ದುಡ್ಡು. ಸ್ಪೋರ್ಟ್ಸ್ ಬೈಕಿನ ಆಸೆ ತಪ್ಪಲ್ಲ. ನನಗೆ ಈಗಲೂ ಇದೆ. ಆದರೆ ಐದುನೂರು ರೂಪಾಯಿ, ಒಂದು ಗಂಟೆ, ಸ್ವಲ್ಪ ಸಂಕೋಚ ಉಳಿಸಲು ಹೋಗಿ ನಾನು ಅಪ್ಪನ ಒಂದು ಬೆಳೆಯನ್ನೇ ಕಳೆದೆ. ಅಪ್ಪ ಇವತ್ತಿಗೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಎರಡನೇ ಬೈಕ್ ಮನೆಗೆ ತಂದ ದಿನ ಮಾತ್ರ, ಸುತ್ತ ಒಂದು ಸಲ ನೋಡಿ, 'ಯಾರಿಗಾರ ತೋರಿಸೀ ಹೌದಿಲ್ಲೋ?' ಎಂದು ಕೇಳಿದರು.