ತೋಟಾ ಮೊದಲೋ, ಕೋವಿ ಮೊದಲೋ

ಹೋದ ಸಂಚಿಕೆಯಲ್ಲಿ ನಾವು ಮಾವಿನ ಮಿಡಿಯ ವಿಚಾರ ಬರೆದಿದ್ದೆವು. ಈ ಸಲ ಕೋವಿಯ ತೋಟಾದ ವಿಚಾರ ಬರೆಯುತ್ತೇವೆಂದಾಗ ಸಂಪಾದಕರು ಕನ್ನಡಕ ತೆಗೆದು ನಮ್ಮ ಮುಖವನ್ನೊಮ್ಮೆ ದಿಟ್ಟಿಸಿದರು. "ಇದು ಕುಟುಂಬ ಪತ್ರಿಕೆ, ಸ್ವಾಮಿ" ಎಂದರು. ಇದೂ ಒಂದು ಕುಟುಂಬದ ವಿಚಾರವೇ ಎಂದು ನಾವು ಅವರನ್ನು ಒಪ್ಪಿಸಬೇಕಾಯಿತು. ನಾವಾದರೋ ಜನ್ಮದಲ್ಲಿ ಈಡು ಹೊಡೆದವರಲ್ಲ. ದೀಪಾವಳಿಯ ತಗಡಿನ ಪಿಸ್ತೂಲಿಗೆ ಸುರುಳಿ ಪಟಾಕಿ ಸಿಕ್ಕಿಸಿ ಚಟಗುಟ್ಟಿಸಿದ್ದೇ ನಮ್ಮ ಶೌರ್ಯದ ಪರಮಾವಧಿ.

ಡೊಂಬಿವಲಿಯಲ್ಲಿರುವ ನಮ್ಮ ಕೊಡವ ಮಿತ್ರರನ್ನು ಸಂಘದವರೆಲ್ಲ ಬಲ್ಲರು. ಹೆಸರು ಬರೆಯಕೂಡದೆಂದು ಅವರ ಅಪ್ಪಣೆ. ಅವರ ತಂದೆ ಎರಡು ವರ್ಷದ ಹಿಂದೆ ವಿರಾಜಪೇಟೆಯ ಕಡೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಕೊಡವರಲ್ಲಿ ಗಂಡು ಕೂಸು ಹುಟ್ಟಿದರೆ ಆಕಾಶಕ್ಕೆ ಒಂದು ಈಡು; ಸಾವಾದರೆ ಒಂದರ ಬೆನ್ನಿಗೊಂದು ಎರಡು ಈಡು. ಆ ಸದ್ದು ಕೇಳಿಯೇ ಸುತ್ತಿನವರಿಗೆ ಸುದ್ದಿ ತಿಳಿಯಬೇಕು. ಮನೆಯ ಗೋಡೆಯ ಮೇಲೆ ತಂದೆಯವರ ಜೋಡುನಳಿಗೆಯ ಇಂಗ್ಲಿಷ್ ರೈಫಲ್ಲು ತೂಗುತ್ತಿತ್ತು. ಪೆಟ್ಟಿಗೆಯಲ್ಲಿ ಉಳಿದಿದ್ದ ತೋಟಾ ಐದು. ಡಬ್ಬದ ರಟ್ಟನ್ನು ಗೆದ್ದಲು ತಿಂದು, ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತ್ತು. ಅದನ್ನು ತುಂಬಿ ಹೊಡೆಯಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ನೆರೆಮನೆಯವರ ಕೋವಿ ತರಿಸಿ ಎರಡು ಈಡು ಹೊಡೆಸಿದರು.

"ಅಪ್ಪನ ಕೋವಿ ಗೋಡೆಯಲ್ಲಿದ್ದೂ ಅಪ್ಪನಿಗಾಗಿ ನೆರೆಯವರ ಕೋವಿ ಕೂಗಬೇಕಾಯಿತಲ್ಲ, ರಾಯರೇ" ಎಂದು ಮಿತ್ರರು ನಮ್ಮೆದುರು ಹೇಳಿಕೊಂಡದ್ದು ಒಂದು ಸಲವಲ್ಲ. ಅವರ ತಾಯಿಗೆ ಈಗ ಎಂಬತ್ತನಾಲ್ಕು. ಮುಂದಿನ ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ, ನಾವೂ ಕೇಳಲಿಲ್ಲ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಅವರು ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪೇಟೆಯ ಕೋವಿಯಂಗಡಿಯೊಂದರವರು ಬರೆದುಕೊಟ್ಟ ಅಂದಾಜುಪಟ್ಟಿ. ಅದರಲ್ಲಿ ಎರಡು ದಾರಿ. ಹಳೆಯ ನಳಿಗೆಗಳೊಳಗೆ ಹೊಸ ಕೊಳವೆ ತೂರಿಸಿ .೩೧೫ ತೋಟಾಕ್ಕೆ ಒಗ್ಗಿಸುವುದು ಒಂದು. ಆ ನಳಿಗೆಗಳನ್ನೇ ತೆಗೆದು, .೩೭೫ರ ದೊಡ್ಡ ತೋಟಾಕ್ಕೆ ಹೊಸ ನಳಿಗೆ ಕಟ್ಟಿಸುವುದು ಇನ್ನೊಂದು. ಎದುರಿಗಿದ್ದ ಅಂಕಿ ನಮ್ಮಂತಹವರ ವರ್ಷದ ಸಂಬಳಕ್ಕೆ ಹತ್ತಿರವಿತ್ತು. "ನೀವು ಕಡತ ಓದುವವರು, ಇದನ್ನೂ ಓದಿ ಹೇಳಿ" ಎಂದರು. ಗುಮಾಸ್ತನಿಗೆ ಕಾಗದ ಕೊಟ್ಟರೆ ಅವನು ಓದದೆ ಬಿಡುವನೇ? ಒಂದು ತಿಂಗಳು ನಾವು ಊಟದ ವಿರಾಮದಲ್ಲೂ ತೋಟಾದ ಧ್ಯಾನದಲ್ಲಿದ್ದೆವು.

ನಾವು ಮೊದಲು ಕಲಿತ ಸಂಗತಿಯಿದು. ನಮ್ಮಂತಹವರು ತಿಳಿದಿರುವಂತೆ ಕೋವಿಗೆ ತೋಟಾ ಮಾಡುವುದಲ್ಲ. ತೋಟಾಕ್ಕೆ ಕೋವಿ ಮಾಡುವುದು. ಹಿತ್ತಾಳೆಯ ಕೊಳವೆ, ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವು ನಾಲ್ಕು ಸೇರಿದರೆ ತೋಟಾ. ಅದರ ಉದ್ದ, ದಪ್ಪ, ಒತ್ತಡ ಇವನ್ನು ಗೊತ್ತುಮಾಡಿಕೊಂಡ ಮೇಲೆಯೇ ಕುಶಲಿಯು ಉಕ್ಕಿಗೆ ಕೈಹಚ್ಚುತ್ತಾನೆ. ಅಂಗಿಗೆ ತಕ್ಕ ಮೈ ಹುಡುಕಿದಂತೆ ಇಲ್ಲಿ ನಡೆಯುವಂತಿಲ್ಲ.

ಮಿತ್ರರ ತಂದೆಯವರ ರೈಫಲ್ಲಿನ ನಳಿಗೆಯ ಮೇಲೆ ೫೦೦/೪೬೫ ಎಂದು ಕೊರೆದಿದೆ. ಈ ವಿಚಿತ್ರ ಅಂಕಿಯ ಹಿಂದೆ ನಮ್ಮ ದೇಶದ ಕಥೆಯೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆನೆ, ಕಾಟಿಗಳಿಗೆ ಒಯ್ಯುತ್ತಿದ್ದುದು ಕರಿಮದ್ದಿನ ದೈತ್ಯ ಕೋವಿಗಳನ್ನು. ೧೮೭೦ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬರು ನಾಲ್ಕು ಬೋರಿನದನ್ನು ಬಳಸಿದವರು. ನಾಲ್ಕು ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು! ಅಂತಹ ಕೋವಿಯ ಭಾರ ಏಳೆಂಟು ಕಿಲೋಗೆ ಕಡಿಮೆಯಿಲ್ಲ. ಆಮೇಲೆ ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದಿತು. ಸಣ್ಣ ಗುಂಡು ವೇಗವಾಗಿ ಹೋಗಿ ಅದೇ ಕೆಲಸ ಮಾಡತೊಡಗಿತು. .೪೫೦ ಅಂಗುಲದ ತೋಟಾ ಷಿಕಾರಿಗಳ ಮೆಚ್ಚಿನದಾಯಿತು.

ಅಷ್ಟರಲ್ಲಿ ಸರಕಾರಕ್ಕೆ ದಿಗಿಲು ಹುಟ್ಟಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳೂ .೪೫೦ರವೇ. ಷಿಕಾರಿಯ ಹೆಸರಿನಲ್ಲಿ ಬಂದ ಗುಂಡು ದಂಗೆಕೋರರ ಬಂದೂಕು ಸೇರಿದರೆ? ೧೯೦೭ರ ಸುಮಾರಿಗೆ ಹಿಂದೂಸ್ಥಾನಕ್ಕೂ ಸುಡಾನಿಗೂ .೪೫೦ ಬರಕೂಡದೆಂದು ನಿಷೇಧ ಬಿದ್ದಿತು. ಲಂಡನ್ನಿನ ಕೋವಿ ತಯಾರಕರು ಸುಮ್ಮನಿರುವರೇ? ಕೂದಲೆಳೆಯಷ್ಟು ದಪ್ಪ ಹೆಚ್ಚಿಸಿ .೪೬೫, .೪೭೦, .೪೭೫, .೪೭೬ ಎಂದು ಸಾಲಾಗಿ ಹೊಸ ತೋಟಾಗಳನ್ನು ಇಳಿಸಿದರು. ೫೦೦/೪೬೫ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯದು. ಕಾನೂನಿನ ಅಕ್ಷರವನ್ನು ಪಾಲಿಸಿ ಅರ್ಥವನ್ನು ದಾಟಿಹೋಗುವ ಈ ವಿದ್ಯೆ ಸರಕಾರಿ ಕಚೇರಿಯಲ್ಲಿ ಕೆಲಸಮಾಡುವ ನಮಗೆ ಹೊಸದೇನೂ ಅಲ್ಲವಾದರೂ ಮನಸ್ಸಿಗೆ ಖುಷಿಯಾಯಿತೆಂದು ಒಪ್ಪಿಕೊಳ್ಳುತ್ತೇವೆ.

ನಮ್ಮ ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ, ಆ ತೋಟಾದ ೪೮೦ ಗ್ರೇನ್ ಗುಂಡು ಎರಡೂವರೆ ತೊಲಕ್ಕಿಂತ ತುಸು ಹೆಚ್ಚು ತೂಗುತ್ತದೆ; ಅಂದರೆ ಒಳ್ಳೆಯದೊಂದು ಸರದಷ್ಟು. ಅದು ಸೆಕೆಂಡಿಗೆ ೬೫೦ ಮೀಟರಿನಂತೆ ಹಾರುತ್ತದೆ. ಕೊಳವೆ ಮಾತ್ರ ಬೆರಳುದ್ದಕ್ಕೂ ಮಿಕ್ಕು ದೊಡ್ಡದು. ಇಷ್ಟು ದೊಡ್ಡದೇಕೆಂದರೆ ಕಾರ್ಡೈಟು ಬಿಸಿಲಿಗೆ ಕೆರಳುವ ಮದ್ದು. ಲಂಡನ್ನಿನ ಚಳಿಯಲ್ಲಿ ಸಾಧುವಾಗಿದ್ದದ್ದು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒತ್ತಡ ಏರಿಸಿ, ಸುಟ್ಟ ಕೊಳವೆ ನಳಿಗೆಗೆ ಕಚ್ಚಿಕೊಂಡು ಹೊರಬಾರದಂತೆ ಮಾಡುತ್ತಿತ್ತು. ಎದುರಿಗೆ ಕಾಟಿ ನಿಂತಿರುವಾಗ ತೋಟಾ ಸಿಕ್ಕಿಕೊಂಡರೆ ಗತಿ? ಆದ್ದರಿಂದ ಕೊಳವೆಯೊಳಗೆ ಜಾಗ ಬಿಟ್ಟು ಒತ್ತಡವನ್ನು ತಗ್ಗಿಸಿದರು. ಒಳ್ಳೆಯ ತೋಟಾ ಎಂದರೆ ಬಲವೊಂದೇ ಅಲ್ಲ ಎಂಬುದು ಆಗಿನವರಿಗೆ ಚೆನ್ನಾಗಿ ತಿಳಿದಿತ್ತು. ಚಂಪಾವತದ ನರಭಕ್ಷಕಿಯನ್ನು ೧೯೦೭ರಲ್ಲಿ ಕೊಂದುದಕ್ಕೆ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ ರೈಫಲ್ಲು ಬರೇ .೨೭೫ರದು.

ಇನ್ನು ಮಿತ್ರರ ಐದು ತೋಟಾಗಳ ವಿಚಾರ. ಇಂತಹ ದೊಡ್ಡ ತೋಟಾಗಳನ್ನು ಜಗತ್ತಿಗೆಲ್ಲ ಒದಗಿಸುತ್ತಿದ್ದುದು ಇಂಗ್ಲೆಂಡಿನ ಕೈನೋಕ್. ೧೯೬೦ರ ದಶಕದಲ್ಲಿ ಅದು ಒಂದೊಂದಾಗಿ ಇವುಗಳ ತಯಾರಿಕೆ ನಿಲ್ಲಿಸಿತು. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಷಿಕಾರಿಯೇ ನಿಂತಿತು. ಕೈನೋಕಿನ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ತೋಟಾ ತಯಾರಾಗುತ್ತಿರುವುದು ನಿಜ. ಆದರೆ ಅಲ್ಲಿಂದ ವಿರಾಜಪೇಟೆಗೆ ನಾಲ್ಕು ತೋಟಾ ತರಿಸುವುದೆಂದರೆ ಅದಕ್ಕೆ ಬೇಕಾಗುವ ಕಾಗದಗಳ ಭಾರ ಕೋವಿಗಿಂತ ಹೆಚ್ಚು.

ಹಾಗಾದರೆ .೩೧೫? ಇದು ಸಿಗುವ ತೋಟಾ. ಸಾಮಾನ್ಯ ಜನಕ್ಕೆ ಸೈನ್ಯದ .೩೦೩ ನಿಷಿದ್ಧವಾಗಿದ್ದರಿಂದ ಆಸ್ಟ್ರಿಯಾದ ಮಾನ್ಲಿಕರ್ ತೋಟಾವನ್ನು ಹಿಡಿದು ಇಲ್ಲಿ ಬಳಕೆಗೆ ತಂದುದು. ಅಲ್ಲಿಯೂ ಅದೇ ಜಾಣತನ. ಊರಿಗೆ ಹೋಗುವಾಗ ಪುಣೆಗೆ ಮುನ್ನ ಖಡಕಿ ಎಂಬ ನಿಲ್ದಾಣ ದಾಟುತ್ತೇವಲ್ಲ, ಅಲ್ಲಿಯ ೧೮೬೯ರ ಕಾರ್ಖಾನೆಯ ಕೆ.ಎಫ್. ಎಂಬ ಗುರುತು ಈ ತೋಟಾದ ಬುಡದಲ್ಲಿ ಕಾಣುತ್ತದೆ. ಆದರೆ ಇದರ ಬಲ ೪೬೫ರ ಅರ್ಧಕ್ಕೂ ಕಡಿಮೆ. .೩೭೫ ಹಾಗಲ್ಲ, ೧೯೧೨ರಿಂದ ಹೆಸರು ಉಳಿಸಿಕೊಂಡು ಬಂದಿರುವ ತೋಟಾ. ಗುಂಡು ೩೦೦ ಗ್ರೇನ್ ಆದರೂ ವೇಗದಿಂದಾಗಿ ಬಲದಲ್ಲಿ ೪೬೫ಕ್ಕೆ ಆರರಲ್ಲೊಂದು ಪಾಲು ಮಾತ್ರ ಕಡಿಮೆ, ಭುಜಕ್ಕೆ ಬೀಳುವ ಒದೆತವೂ ಹಗುರ. ಆಫ್ರಿಕೆಯ ಹಲವು ದೇಶಗಳಲ್ಲಿ ದೊಡ್ಡ ಮೃಗಗಳಿಗೆ ಇದಕ್ಕಿಂತ ಚಿಕ್ಕದು ಸಲ್ಲದೆಂದೇ ನಿಯಮವಿದೆ. ಹೊಸದಾಗಿ ದೊಡ್ಡ ರೈಫಲ್ಲು ಕಟ್ಟಿಸುವ ಹುಚ್ಚು ಹತ್ತಿದವರು ಯಾರಾದರೂ ಕೇಳಿದರೆ ನಾವು ಇದನ್ನೇ ಹೇಳುತ್ತಿದ್ದೆವು.

ಆದರೆ ಮಿತ್ರರದು ಹೊಸ ಕೋವಿಯಲ್ಲ. ಜೋಡುನಳಿಗೆಯ ಗುಟ್ಟು ನಮಗೆ ಆಗ ಗೊತ್ತಾದುದು. ಎರಡು ನಳಿಗೆಗಳು ಸಮಾನಾಂತರವಾಗಿರುವುದಿಲ್ಲ. ತುದಿಯ ಕಡೆಗೆ ಒಂದಕ್ಕೊಂದು ಬಾಗಿರುತ್ತವೆ. ಕುಶಲಿಯು ಗುರಿಯಿಟ್ಟು ಹೊಡೆದು, ಬೆಸುಗೆ ಕಾಯಿಸಿ, ನಡುವಿನ ಬೆಣೆಯನ್ನು ಎಳ್ಳಿನಷ್ಟು ಸರಿಸಿ, ಮತ್ತೆ ಹೊಡೆದು, ಎರಡೂ ಗುಂಡು ಒಂದೆಡೆ ಬೀಳುವ ತನಕ ಹೀಗೆ ಮಾಡುತ್ತಲೇ ಇರುತ್ತಾನೆ. ಅದೂ ಒಂದೇ ತೂಕದ ಗುಂಡಿಗೆ, ಒಂದೇ ಅಳತೆಯ ಮದ್ದಿಗೆ. ತೋಟಾ ಬದಲಾದರೆ ಒಂದು ನಳಿಗೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಅಂಗಡಿಯವರ ಪಟ್ಟಿಯಲ್ಲಿ ಈ ಕೆಲಸದ ಪ್ರಸ್ತಾಪವೇ ಇರಲಿಲ್ಲ. ೧೯೫೯ರ ಶಸ್ತ್ರ ಕಾಯಿದೆಯ ಪ್ರಕಾರ ಇಂತಹ ಮಾರ್ಪಾಟನ್ನು ಅದಕ್ಕೆ ಪರವಾನಗಿ ಪಡೆದವನೇ ಮಾಡಬೇಕು. ಆ ಪರವಾನಗಿಯ ಸಂಖ್ಯೆಯೂ ಪಟ್ಟಿಯಲ್ಲಿ ಕಾಣಲಿಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಅದು ನಮಗೆ ರಾತ್ರಿ ನಿದ್ದೆಯಲ್ಲಿ ಹೊಳೆದದ್ದು. ಮಿತ್ರರಿಗೆ ಬೇಕಾಗಿದ್ದುದು ಬೇಟೆಯಲ್ಲ, ಆಕಾಶಕ್ಕೆ ಎರಡು ಈಡು. ರೈಫಲ್ಲಿನ ಗುಂಡು .೪೬೫ ಇರಲಿ, .೩೧೫ ಇರಲಿ, ಮೈಲಿಗಟ್ಟಲೆ ಹೋಗಿ ಯಾರ ತೋಟದಲ್ಲೋ ಯಾರ ತಲೆಯ ಮೇಲೋ ಇಳಿಯುತ್ತದೆ. ಹನ್ನೆರಡು ಬೋರಿನ ಸಣ್ಣ ಚರೆಯಾದರೆ ಕೆಲವು ನೂರು ಗಜದೊಳಗೆ ಬಲಗೆಟ್ಟು ಉದುರುತ್ತದೆ. ಹಾಗಿದ್ದಮೇಲೆ ಹಿರಿಯರು ಈ ರೈಫಲ್ಲನ್ನು ಆಕಾಶಕ್ಕೆ ಹೊಡೆದಿದ್ದರೇ? ನಾವು ಮಿತ್ರರನ್ನು ಇದೊಂದೇ ಪ್ರಶ್ನೆ ಕೇಳಿದೆವು. ಅವರು ಉತ್ತರ ಕೊಡಲಾರದೆ ಊರಿಗೆ ಫೋನು ಮಾಡಿದರು.

"ಅದರಲ್ಲಿ ನಿನ್ನ ಅಪ್ಪ ಯಾವತ್ತೂ ಮೇಲಕ್ಕೆ ಹೊಡೆದವರಲ್ಲ" ಎಂದರಂತೆ ತಾಯಿ. "ನೀನು ಹುಟ್ಟಿದಾಗ ಹೊಡೆದದ್ದು ಕೇಪಿನ ಕೋವಿಯಲ್ಲಿ. ಅದು ಎಲ್ಲಿ ಎಂದು ನೀನು ಕೇಳಲೇ ಇಲ್ಲ. ನೀನು ಬೊಂಬಾಯಿಗೆ ಹೊರಟ ವರ್ಷ ಅದನ್ನು ಕೊಟ್ಟು ನಿನಗೆ ರೈಲಿನ ಖರ್ಚು, ಮೊದಲ ತಿಂಗಳ ಖೋಲಿ ಬಾಡಿಗೆ ಹೊಂದಿಸಿದರು."

ಇದನ್ನು ಹೇಳುವಾಗ ಮಿತ್ರರು ನಮ್ಮ ಬಾಲ್ಕನಿಯ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದರು. ನಮ್ಮ ಮನೆಯವರು ಚಹಾ ತಂದಿಟ್ಟು ಮಾತಿಲ್ಲದೆ ಒಳಗೆ ಹೋದರು.

ಅಂದಾಜುಪಟ್ಟಿಯನ್ನು ಅಂಗಡಿಗೆ ಹಿಂದಿರುಗಿಸಿದೆವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿರುವುದು ಬ್ರಿಟಿಷರ ಕಾಲದಿಂದ ನಡೆದುಬಂದ ಸಂಗತಿ. ೨೦೧೯ರಲ್ಲಿ ಕೇಂದ್ರ ಸರಕಾರ ಅದನ್ನು ೨೦೨೯ರ ಅಕ್ಟೋಬರ್ ತನಕ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮಿತ್ರರು ಮಡಿಕೇರಿಗೆ ಹೋಗಿ ಕಾಗದ ಸರಿಮಾಡಿಸಿಕೊಂಡು, ಒಂಟಿನಳಿಗೆಯ ಹನ್ನೆರಡು ಬೋರಿನ ಸಾಧಾರಣ ಕೋವಿಯೊಂದನ್ನು ಕೊಂಡರು. ತೋಟಾ ಖಡಕಿಯದೇ. ಕಿಲುಬು ಹಿಡಿದ ಐದನ್ನು ಪರವಾನಗಿಯುಳ್ಳ ವ್ಯಾಪಾರಿಯೊಬ್ಬರಿಗೆ ಒಪ್ಪಿಸಿ ರಸೀದಿ ಪಡೆದರು. ರಸೀದಿಯ ನಕಲು ನಮ್ಮಲ್ಲಿಯೂ ಇದೆ, ಅಭ್ಯಾಸಬಲ!

ಸೆಪ್ಟೆಂಬರ್ ೩ರ ಕೈಲ್‌ಪೊಳ್ದ್‌ಗೆ ಅವರು ಮಗನನ್ನೂ ಕರೆದುಕೊಂಡು ಹೋಗಿದ್ದರು. ಚಾಪೆಯ ಮೇಲೆ ಹೊಸ ಕೋವಿಯ ಪಕ್ಕದಲ್ಲಿ ಅಪ್ಪನ ರೈಫಲ್ಲು, ಎರಡೂ ನಳಿಗೆಯ ಬಾಯಿಗೆ ಒಂದೊಂದು ತೋಕ್ ಪೂ. ಹೂ ಸಿಕ್ಕಿಸಿದ್ದು ತಾಯಿಯೇ. ಮೊಮ್ಮಗ ತೆಗೆದ ಚಿತ್ರ ನಮಗೂ ಬಂದಿದೆ; ಅದರಲ್ಲಿ ಅಜ್ಜಿಯ ಕೈ ಮಾತ್ರ ಕಾಣುತ್ತದೆ.